ಫೋನ್ ಇದೆಯಲ್ಲ, ಮತ್ತೆ ಇದ್ಯಾಕೆ?

ಜೇಬಿನಿಂದ ಇದನ್ನು ಹೊರಗೆ ತೆಗೆದರೆ ಸಾಕು, ಪಕ್ಕದಲ್ಲಿ ಯಾರೇ ಇರಲಿ, ಕೇಳುವುದು ಒಂದೇ. ಮೊದಲು "ಅಯ್ಯೋ, ಇದಿನ್ನೂ ಓಡುತ್ತಾ?" ಅಂತ ನಗುತ್ತಾರೆ. ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ, ಪರದೆ ಮೇಲೆ ಬೆರಳು ಉಜ್ಜುತ್ತಾರೆ, ಏನೂ ಆಗದೇ ಇದ್ದಾಗ ವಾಪಸ್ ಕೊಟ್ಟು ಆಮೇಲೆ ನಿಜವಾದ ಪ್ರಶ್ನೆಗೆ ಬರುತ್ತಾರೆ: "ಫೋನ್ ಇದೆಯಲ್ಲ, ಮತ್ತೆ ಇದ್ಯಾಕ್ರೀ?"

ಇದು ಅಂದರೆ ಐಪಾಡ್ ಕ್ಲಾಸಿಕ್, ಆಪಲ್ ಕಂಪನಿಯ ಹಾಡು ಕೇಳುವ ಯಂತ್ರ. 160 ಜಿಬಿಯದು, 2009ರ ಮಾದರಿ. ಹಾಡು ಕೇಳಿಸುವುದು ಬಿಟ್ಟರೆ ಇದಕ್ಕೆ ಬೇರೆ ಕಸುಬು ಗೊತ್ತಿಲ್ಲ ಅಂದರೂ ನಡೆಯುತ್ತದೆ. ವಿಡಿಯೋ ತೋರಿಸುತ್ತದೆ, ಒಂದೆರಡು ಆಟಗಳೂ ಇವೆ, ಆದರೆ ಅಷ್ಟು ಚಿಕ್ಕ ಪರದೆಯಲ್ಲಿ ಯಾರು ನೋಡುತ್ತಾರೆ ಹೇಳಿ.

ತುಂಬಾ ದಿನ ನಾನು ಕೊಡುತ್ತಿದ್ದ ಉತ್ತರ "ಸೌಂಡ್ ಚೆನ್ನಾಗಿದೆ" ಅಂತ. ಅನುಕೂಲದ ಉತ್ತರ ಅದು. ಕೇಳಿದವರು ಹೂಂ ಅಂತ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಆದರೆ ಅದು ಸುಳ್ಳು. 2005ರ ಐಪಾಡ್‌ನಲ್ಲಿ ಹಾಡನ್ನು ದನಿಯಾಗಿಸುವ ಚಿಪ್ ವುಲ್ಫ್‌ಸನ್ ಕಂಪನಿಯದಿತ್ತು, ಕ್ಲಾಸಿಕ್‌ಗೆ ಬರುವಷ್ಟರಲ್ಲಿ ಸಿರಸ್ ಲಾಜಿಕ್‌ನದು ಬಂತು, ಹಳೆಯದರ ದನಿಯೇ ಬೇರೆ ಅಂತ ವಾದ ಮಾಡುವವರು ಇವತ್ತಿಗೂ ಇದ್ದಾರೆ. ನಾನೂ ಒಮ್ಮೆ ಕಣ್ಣು ಮುಚ್ಚಿ ಕೂತೆ. ಗೆಳೆಯನೊಬ್ಬ ಒಂದೇ ಹಾಡನ್ನು ಫೋನ್‌ನಲ್ಲಿ ಒಮ್ಮೆ, ಇದರಲ್ಲಿ ಒಮ್ಮೆ, ಇಯರ್‌ಫೋನ್ ಬದಲಿಸದೆ ಹಾಕಿದ. ಹತ್ತು ಸಲದಲ್ಲಿ ನಾನು ಸರಿಯಾಗಿ ಹೇಳಿದ್ದು ಐದು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಅವತ್ತಿನಿಂದ ಸೌಂಡಿನ ಮಾತು ಬಿಟ್ಟೆ.

ಹಾಗಾದರೆ ಹಳೆಯ ನೆನಪಿಗಾಗಿಯಾ? ಅದೂ ಅಲ್ಲ. ನಾನು ಇದನ್ನು ಕೊಂಡಿದ್ದೇ ತಯಾರಿಕೆ ನಿಂತ ಮೇಲೆ, ಬೇರೆ ಯಾರೋ ಬಳಸಿದ್ದನ್ನು. ಕಾಲೇಜಿನ ನೆನಪು ಗಿನಪು ಏನೂ ಇದಕ್ಕೆ ಅಂಟಿಕೊಂಡಿಲ್ಲ. ಬೆನ್ನಿನ ಉಕ್ಕಿನ ತಗಡಿನ ಮೇಲಿರುವ ಗೀರುಗಳಲ್ಲಿ ಅರ್ಧ ನನ್ನವಲ್ಲ.

ನಿಜವಾದ ಉತ್ತರ ಸ್ವಲ್ಪ ವಿಚಿತ್ರ, ಅದಕ್ಕೇ ಇಷ್ಟು ದಿನ ಹೇಳುತ್ತಿರಲಿಲ್ಲ. ಇದನ್ನು ಮಾಡುವುದನ್ನು ನಿಲ್ಲಿಸಿದ್ದಾರಲ್ಲ, ಅದೇ ಕಾರಣ. ಇನ್ನು ಇದನ್ನು ಯಾರೂ ಬದಲಿಸಲು ಬರುವುದಿಲ್ಲ.

ಮೊದಲ ಐಪಾಡ್ ಅನ್ನು ಜನರಿಗೆ ತೋರಿಸಿದ್ದು 2001ರ ಅಕ್ಟೋಬರ್ 23ರಂದು. 5 ಜಿಬಿ ಡಿಸ್ಕು, ಜೇಬಿನಲ್ಲಿ 1,000 ಹಾಡು ಎಂಬ ಪ್ರಚಾರ. ಹಾಡು ಆರಿಸಲು ಪರದೆಯ ಕೆಳಗಿದ್ದ ಚಕ್ರ ನಿಜವಾಗಿಯೂ ತಿರುಗುತ್ತಿತ್ತು. ಮುಂದಿನ ವರ್ಷ ಚಕ್ರ ಅಲ್ಲಾಡುವುದು ನಿಂತು ಬೆರಳನ್ನು ಗುರುತಿಸುವಂಥದ್ದಾಯಿತು, 2004ರಲ್ಲಿ ಐಪಾಡ್ ಮಿನಿ ಬಂದಾಗ ಬಟನ್‌ಗಳೂ ಚಕ್ರದೊಳಗೇ ಸೇರಿಕೊಂಡವು. ಕ್ಲಾಸಿಕ್ ಎಂಬ ಹೆಸರು ಬಿದ್ದಿದ್ದು 2007ರಲ್ಲಿ, ಅದೇ ಕಂಪನಿಯ ಮೊದಲ ಫೋನ್ ಬಂದ ವರ್ಷ. ಹೆಸರಿಡುವಾಗಲೇ ಇದನ್ನು ಹಿರಿಯರ ಸಾಲಿಗೆ ಸೇರಿಸಿಬಿಟ್ಟರು ಅನ್ನಿ. 2009ರ ಮಾದರಿಯನ್ನು ಐದು ವರ್ಷ ಹೆಚ್ಚೇನೂ ಬದಲಿಸದೆ ಮಾರಿದರು. 2014ರ ಸೆಪ್ಟೆಂಬರ್ 9ರಂದು ಹೊಸ ಫೋನ್, ಹೊಸ ವಾಚ್ ಅಂತ ದೊಡ್ಡ ಕಾರ್ಯಕ್ರಮ ನಡೆಯಿತು. ಅವತ್ತೇ ಕ್ಲಾಸಿಕ್ ಅವರ ಮಾರಾಟದ ಪುಟದಿಂದ ಮಾಯ. ವೇದಿಕೆಯ ಮೇಲೆ ಅದರ ಬಗ್ಗೆ ಒಂದು ಮಾತಿಲ್ಲ. ಆಮೇಲೆ ಕೇಳಿದಾಗ ಆಗ ಆಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್, ಬಿಡಿಭಾಗಗಳೇ ಸಿಗುತ್ತಿರಲಿಲ್ಲ ಎಂದರು. ನ್ಯಾನೋ, ಶಫಲ್ ಎಂಬ ಚಿಕ್ಕ ಐಪಾಡ್‌ಗಳು 2017ರಲ್ಲಿ ಹೋದವು. 2022ರ ಮೇ ತಿಂಗಳಲ್ಲಿ ಐಪಾಡ್ ಟಚ್ ಕೂಡ ಹೋಗಿ ಆ ವಂಶವೇ ಮುಗಿಯಿತು.

ಮುಗಿದಿದ್ದರಿಂದ ನನಗೇನು ಲಾಭ ಅಂದರೆ, ನನ್ನ ಹೆಬ್ಬೆರಳಿಗೆ ಈ ಯಂತ್ರ ಬಾಯಿಪಾಠ ಆಗಿದೆ. ಜೇಬಿನೊಳಗೆ ಕೈ ಹಾಕಿ, ನೋಡದೆಯೇ ಹಾಡು ದಾಟಿಸುತ್ತೇನೆ, ನಿಲ್ಲಿಸುತ್ತೇನೆ, ದನಿ ತಗ್ಗಿಸುತ್ತೇನೆ. ಚಕ್ರದ ಮೇಲೆ ಬೆರಳು ಸುತ್ತಿಸಿದಾಗ ಟಿಕ್ ಟಿಕ್ ಅಂತ ಸದ್ದು ಬರುತ್ತದಲ್ಲ, ಅದು ಚಕ್ರದ್ದಲ್ಲ. ಅಲ್ಲಿ ಅಲ್ಲಾಡುವಂಥದ್ದು ಏನೂ ಇಲ್ಲ, ಒಳಗೆ ಸದ್ದು ಮಾಡುವ ಚಿಕ್ಕ ಬಿಲ್ಲೆಯೊಂದಿದೆ. ಸುಳ್ಳು ಸದ್ದೇ, ಆದರೆ ಕಿವಿಗೆ ಲೆಕ್ಕ ಸಿಗುತ್ತದೆ. ಮೆನುವಿನಲ್ಲಿ ಎಷ್ಟು ಕೆಳಗೆ ಇಳಿದೆ ಅಂತ ಸದ್ದಿನಿಂದಲೇ ಗೊತ್ತಾಗುತ್ತದೆ. ಫೋನ್‌ನ ಆ್ಯಪ್‌ನಲ್ಲಿ ಇದು ಸಾಧ್ಯವೇ ಇಲ್ಲ. ಗಾಜಿನ ಪರದೆ ಅನ್ನುವುದೊಂದೇ ಕಾರಣ ಅಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ನನ್ನ ಹಾಡುಗಳ ಪಟ್ಟಿ ಇದ್ದ ಜಾಗದಲ್ಲಿ ಇನ್ಯಾವುದೋ ವಿಡಿಯೋ ಕೂತಿರುತ್ತದೆ, ಪಟ್ಟಿ ಎರಡು ಹೆಜ್ಜೆ ಒಳಗೆ ಹೋಗಿರುತ್ತದೆ, ಕೈ ಮತ್ತೆ ಹೊಸದಾಗಿ ಕಲಿಯಬೇಕು. ಕಲಿತು ಮುಗಿಸುವಷ್ಟರಲ್ಲಿ ಮುಂದಿನ ಅಪ್‌ಡೇಟ್. ನಮ್ಮ ಮನೆಯ ಪಾತ್ರೆಗಳನ್ನು ಪಕ್ಕದ ಮನೆಯವರು ಬಂದು ಜೋಡಿಸಿಟ್ಟು ಹೋದ ಹಾಗೆ.

ಹಾಡುಗಳೂ ಅಷ್ಟೇ. ತಿಂಗಳಿಗೆ ದುಡ್ಡು ಕಟ್ಟುವ ಒಂದು ಆ್ಯಪ್‌ನಲ್ಲಿ ಬಹಳ ಇಷ್ಟಪಟ್ಟು ಕೂಡಿಸಿಟ್ಟ ಪಟ್ಟಿಯಲ್ಲಿ ಒಂದು ದಿನ ನಾಲ್ಕು ಹಾಡು ಬೂದು ಬಣ್ಣಕ್ಕೆ ತಿರುಗಿದ್ದವು. ಒತ್ತಿದರೆ ಓಡುವುದಿಲ್ಲ. ಹಕ್ಕುಗಳ ಒಪ್ಪಂದ ಮುಗಿದರೆ ಹೀಗಾಗುತ್ತದೆ, ಅವರ ತಪ್ಪೂ ಅಲ್ಲ. ಐಪಾಡ್‌ನಲ್ಲಿ ನಾನು ಹಾಕಿದ್ದು ನಾನು ತೆಗೆಯುವವರೆಗೂ ಇರುತ್ತದೆ.

ಹಾಕುವುದು ಮಾತ್ರ ಸುಲಭ ಅಲ್ಲ, ಒಪ್ಪಿಕೊಳ್ಳುತ್ತೇನೆ. ಪೆನ್ ಡ್ರೈವ್ ಥರ ಫೈಲ್ ಎಳೆದು ಹಾಕಿದರೆ ಆಗುವುದಿಲ್ಲ. ಹಾಡು ಒಳಗಿರುತ್ತದೆ, ಪ್ಲೇಯರ್‌ಗೆ ಅದು ಗೊತ್ತೇ ಇರುವುದಿಲ್ಲ. ಆಪಲ್‌ನ ಐಟ್ಯೂನ್ಸ್ ಎಂಬ ಪ್ರೋಗ್ರಾಂ ಮೂಲಕವೇ ಹೋಗಬೇಕು, ಆಪಲ್‌ನದೇ ಮ್ಯಾಕ್ ಕಂಪ್ಯೂಟರ್ ಆದರೆ 2019ರಿಂದ ಅದರಲ್ಲಿ ಫೈಲ್ ತೋರಿಸುವ ಫೈಂಡರ್ ಮೂಲಕ. ಇದು ಫೋಲ್ಡರ್ ನೋಡುವುದಿಲ್ಲ, ಪ್ರತಿ ಫೈಲ್‌ನೊಳಗೆ ಬರೆದಿರುವ ಟ್ಯಾಗ್ ಮಾತ್ರ ನೋಡುತ್ತದೆ: ಹಾಡಿನ ಹೆಸರು, ಹಾಡಿದವರು, ಆಲ್ಬಮ್, ಎಷ್ಟನೆಯದು. ಒಬ್ಬರೇ ಗಾಯಕರ ಹೆಸರನ್ನು ಒಂದು ಕಡೆ ಇನಿಶಿಯಲ್ ಮುಂದೆ, ಒಂದು ಕಡೆ ಹಿಂದೆ, ಇನ್ನೊಂದು ಕಡೆ ಚುಕ್ಕಿ ಇಲ್ಲದೆ ಬರೆದಿದ್ದರೆ ಮೆನುವಿನಲ್ಲಿ ಅವರು ಮೂರು ಜನ ಆಗುತ್ತಾರೆ. ನಾನು ಎಷ್ಟೋ ಸಂಜೆ ಈ ಮೂವರನ್ನು ಒಬ್ಬರನ್ನಾಗಿ ಮಾಡುತ್ತಾ ಕಳೆದಿದ್ದೇನೆ. ಹುಚ್ಚು ಅನ್ನಿಸಬಹುದು. ಆದರೆ ಅಕ್ಕಿ ಆರಿಸಿದ ಹಾಗೆ ಅದು, ಕೈ ಕೆಲಸ ಮಾಡುತ್ತಿರುತ್ತದೆ, ಕಿವಿ ಖಾಲಿ ಇರುತ್ತದೆ. ಹಾಗೆ ಕೂತಾಗಲೇ ನನಗೆ ಬೇಡವಾದ ಹಾಡುಗಳು ಎಷ್ಟಿವೆ ಅಂತ ಗೊತ್ತಾಗಿದ್ದು. 9,000 ಇದ್ದದ್ದು ಈಗ 3,400ರ ಆಸುಪಾಸಿನಲ್ಲಿದೆ.

ಆ ಕೆಲಸ ಒಮ್ಮೆ ನನ್ನನ್ನು ಉಳಿಸಿತು. ಕಂಪ್ಯೂಟರಿನ ಡಿಸ್ಕ್ ಒಂದು ದಿನ ಹೇಳದೆ ಕೇಳದೆ ಸತ್ತುಹೋಯಿತು. ಬ್ಯಾಕಪ್? ಇರಲಿಲ್ಲ, ಬೈಯಬೇಡಿ. ಹಾಡುಗಳು ಉಳಿದಿದ್ದು ಐಪಾಡ್‌ನಲ್ಲಿ ಮಾತ್ರ. ಇನ್ನೊಂದು ಕಂಪ್ಯೂಟರಿಗೆ ಹಾಕಿ, ಅಡಗಿಸಿಟ್ಟ ಫೋಲ್ಡರ್‌ಗಳು ಕಾಣುವ ಹಾಗೆ ಮಾಡಿ ಒಳಗೆ ಹೋದರೆ ಎಫ್00, ಎಫ್01 ಅಂತ ಸಾಲು ಸಾಲು ಫೋಲ್ಡರ್, ಪ್ರತಿಯೊಂದರಲ್ಲೂ ನಾಲ್ಕಕ್ಷರದ ಅರ್ಥವಿಲ್ಲದ ಹೆಸರಿನ ಫೈಲುಗಳು. ಯಾವುದು ಯಾವ ಹಾಡು ಅಂತ ದೇವರಿಗೇ ಗೊತ್ತು. ಒಂದು ಕ್ಷಣ ಎದೆ ಧಸಕ್ ಅಂದಿತು. ಆಮೇಲೆ ಹೊಳೆಯಿತು, ಹೆಸರು ಹೋದರೇನು, ಟ್ಯಾಗ್ ಒಳಗೇ ಇದೆಯಲ್ಲ! ಎಲ್ಲವನ್ನೂ ನಕಲು ಮಾಡಿಕೊಂಡು, ಟ್ಯಾಗ್ ಓದಿ ಹೆಸರಿಡುವ ಒಂದು ಪ್ರೋಗ್ರಾಂಗೆ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ತಮ್ಮ ತಮ್ಮ ಹೆಸರಿನಲ್ಲಿ ಎದ್ದು ಕೂತವು. ಟ್ಯಾಗ್ ಸರಿ ಮಾಡದೆ ಬಿಟ್ಟಿದ್ದ ಮೂವತ್ತು ನಲವತ್ತು ಹಾಡುಗಳು ಮಾತ್ರ ಅನಾಥವಾಗಿ ಉಳಿದವು. ಕೇಳಿ ಕೇಳಿ ಗುರುತು ಹಿಡಿಯಬೇಕಾಯಿತು.

ಇನ್ನು ರಿಪೇರಿ. ಮಾಡುವವರು ಕೈಬಿಟ್ಟ ಮೇಲೆ ಮೆಕ್ಯಾನಿಕ್ ನಾವೇ. ಇದರೊಳಗೆ 1.8 ಇಂಚಿನ ಹಾರ್ಡ್ ಡಿಸ್ಕ್ ಇರುತ್ತದೆ, ಕಂಪ್ಯೂಟರಿನಲ್ಲಿ ಇದ್ದಂಥದ್ದೇ, ಪುಟಾಣಿ. ಅದು ಸದಾ ತಿರುಗುತ್ತಿದ್ದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಅದಕ್ಕೆ ಒಮ್ಮೆ ತಿರುಗಿ ಮುಂದಿನ ಕೆಲವು ಹಾಡುಗಳನ್ನು ಮೆಮೊರಿಗೆ ತುಂಬಿಸಿಕೊಂಡು ನಿದ್ದೆ ಹೋಗುತ್ತದೆ. ಒಂದು ಚಾರ್ಜ್‌ಗೆ 36 ಗಂಟೆ ಹಾಡು ಅಂತ ಕಂಪನಿ ಹೇಳಿಕೊಂಡಿದ್ದು ಈ ಉಪಾಯದಿಂದ. ಪಟಪಟ ಹಾಡು ದಾಟಿಸುತ್ತಾ ಹೋದರೆ ಡಿಸ್ಕ್ ಏಳುವುದು ಅಂಗೈಗೆ ಗೊತ್ತಾಗುತ್ತದೆ, ಜುಂ ಅಂತ. ನನ್ನದು ಒಂದು ದಿನ ಜುಂ ಬಿಟ್ಟು ಕಟಕಟ ಅನ್ನಲು ಶುರು ಮಾಡಿತು. ವಯಸ್ಸಾದ ಡಿಸ್ಕು, ಆಶ್ಚರ್ಯವೇನಿಲ್ಲ.

ಅದನ್ನು ತೆಗೆದು ಎಸ್‌ಡಿ ಕಾರ್ಡ್ ಹಾಕುವುದಕ್ಕೆ ಒಂದು ಚಿಕ್ಕ ಬೋರ್ಡ್ ಸಿಗುತ್ತದೆ. ಬೋರ್ಡ್ ಕೂರಿಸುವುದು ಎರಡು ನಿಮಿಷದ ಕೆಲಸ, ಪೆಟ್ಟಿಗೆ ತೆರೆಯುವುದು ಎರಡು ತಾಸಿನದು. ಮುಂದೆ ಅಲ್ಯೂಮಿನಿಯಂ, ಹಿಂದೆ ಉಕ್ಕು, ಸುತ್ತ ಒಳಗಡೆ ಕೊಕ್ಕೆಗಳು, ಎಲ್ಲೂ ಸ್ಕ್ರೂ ಕಾಣುವುದಿಲ್ಲ. ತೆಳ್ಳಗಿನ ತಗಡು ತೂರಿಸಿ ಇಂಚಿಂಚೇ ಮೀಟಬೇಕು. ಬಿಟ್ಟುಕೊಂಡಿತು ಅನ್ನುವ ಖುಷಿಯಲ್ಲಿ ಪಟ್ಟನೆ ತೆರೆದಿರೋ, ಮುಗಿಯಿತು. ಬ್ಯಾಟರಿ ಮತ್ತು ಇಯರ್‌ಫೋನ್ ತೂತಿನಿಂದ ಬರುವ ಕಾಗದದಷ್ಟು ತೆಳು ಪಟ್ಟಿಗಳು ಹಿಂದಿನ ತಗಡಿಗೂ ಬೋರ್ಡಿಗೂ ನಡುವೆ ಇರುತ್ತವೆ, ಹರಿದೇ ಹೋಗುತ್ತವೆ. ನಾನು ಒಂದನ್ನು ಹರಿದೆ. ಎರಡನೆಯದನ್ನು ತರಿಸಿ ಹಾಕಿದೆ. ಹಿಂದಿನ ತಗಡಿನ ಅಂಚು ಬಾಗಿದ್ದು ಇವತ್ತಿಗೂ ಹಾಗೇ ಇದೆ. ಈಗ ಒಳಗೆ ತಿರುಗುವುದು ಏನೂ ಇಲ್ಲ, ಚಾರ್ಜ್ ಮೊದಲಿಗಿಂತ ಜಾಸ್ತಿ ಬರುತ್ತದೆ, ಕೈಯಲ್ಲಿ ಹಗುರ. ಜುಂ ಅನ್ನುವುದೊಂದು ಹೋಯಿತು.

ರಾಕ್‌ಬಾಕ್ಸ್ ಹಾಕಿಲ್ವಾ ಅಂತ ತಿಳಿದವರು ಕೇಳುತ್ತಾರೆ. ಇಂಥ ಪ್ಲೇಯರ್‌ಗಳಿಗೆ ಸ್ವಯಂಸೇವಕರು ಬರೆಯುವ ಸಾಫ್ಟ್‌ವೇರ್ ಅದು, 2001ರಲ್ಲಿ ಆರ್ಕೋಸ್ ಕಂಪನಿಯ ಪ್ಲೇಯರ್‌ಗಾಗಿ ಶುರುವಾಗಿದ್ದು. ಫ್ಲ್ಯಾಕ್ ಫೈಲ್, ಅಂದರೆ ಗುಣಮಟ್ಟ ಕೆಡಿಸದೆ ಕುಗ್ಗಿಸಿದ ಹಾಡು, ಓಡಿಸುತ್ತದೆ, ಫೋಲ್ಡರ್ ನೋಡುತ್ತದೆ, ಐಟ್ಯೂನ್ಸ್ ಕಾಟವೇ ಇಲ್ಲ. ಹಾಕಿ ಮೂರು ವಾರ ಬಳಸಿದೆ. ಬಹಳ ಒಳ್ಳೆಯದು. ತೊಂದರೆ ಏನೆಂದರೆ ಅದರಲ್ಲಿ ಬದಲಿಸಬಹುದಾದ್ದು ತುಂಬಾ ಇದೆ, ಹಾಡು ಕೇಳುವುದು ಬಿಟ್ಟು ಸೆಟ್ಟಿಂಗ್ ತಿರುವುತ್ತಾ ಕೂರುತ್ತಿದ್ದೆ. ಅಷ್ಟೇ ಅಲ್ಲ, ಅದಿನ್ನೂ ಜೀವಂತ, ಹೊಸ ಆವೃತ್ತಿ ಬರುತ್ತಲೇ ಇರುತ್ತದೆ. ನಾನು ಓಡಿ ಬಂದಿದ್ದೇ ಅದರಿಂದ ಅಲ್ವಾ? ತೆಗೆದು ಹಳೆಯದನ್ನೇ ಹಾಕಿಕೊಂಡೆ.

ಮುಗಿದ ವಸ್ತುವಿನಲ್ಲಿ ತಪ್ಪುಗಳೂ ಮುಗಿದ ಹಾಗೇ ಇರುತ್ತವೆ, ಅದು ನಿಜ. ಬ್ಲೂಟೂತ್ ಇಲ್ಲ, ಬರುವುದೂ ಇಲ್ಲ. ಚಾರ್ಜಿಗೆ 30 ಪಿನ್‌ನ ಆ ಅಗಲದ ಕೇಬಲ್ಲೇ ಬೇಕು, ಬೇರೆಯವರ ಹತ್ತಿರ ಅದು ಇರುವುದಿಲ್ಲ. ಚಕ್ರ ಸುತ್ತಿಸಿ ಅಕ್ಷರ ಆರಿಸಿ ಹಾಡು ಹುಡುಕುವುದಂತೂ ಶಿಕ್ಷೆ. ಹೊಸ ಹಾಡು ಏನು ಬಂದಿದೆ ನೋಡಬೇಕು ಅಂದರೆ ನಾನೂ ಫೋನೇ ತೆಗೆಯುತ್ತೇನೆ, ಅದರಲ್ಲಿ ನಾಚಿಕೆ ಏನಿಲ್ಲ. ಅಲ್ಲಿ ಹತ್ತು ಸಲ ಕೇಳಿ ಹನ್ನೊಂದನೆಯ ಸಲವೂ ಕೇಳಬೇಕು ಅನ್ನಿಸಿದ ಹಾಡು ಮಾತ್ರ ಇಲ್ಲಿಗೆ ಬರುತ್ತದೆ.

ಇಷ್ಟು ಹೇಳಿದ ಮೇಲೆ ಕೇಳಿದವರಲ್ಲಿ ಕೆಲವರು ತಾವಾಗಿಯೇ ಹೇಳುತ್ತಾರೆ, "ನಮ್ಮನೆಯಲ್ಲೂ ಒಂದಿತ್ತು, ಯಾವುದೋ ಡ್ರಾಯರ್‌ನಲ್ಲಿ ಬಿದ್ದಿರಬೇಕು" ಅಂತ. ಇದ್ದರೆ ಹುಡುಕಿ ತೆಗೆಯಿರಿ. ಮೊದಲು ಮೇಜಿನ ಮೇಲೆ ಇಟ್ಟು ನೋಡಿ. ಬೆನ್ನು ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ, ಚಾರ್ಜಿಗೆ ಹಾಕಲೇಬೇಡಿ. ಸರಿಯಾಗಿದ್ದರೆ ಗೋಡೆಯ ಚಾರ್ಜರ್‌ಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಏಳದಿದ್ದರೆ ಮೇಲಿನ ಹೋಲ್ಡ್ ಬಟನ್ ಒಮ್ಮೆ ಆ ಕಡೆ ಈ ಕಡೆ ಸರಿಸಿ, ಮೆನು ಮತ್ತು ನಡುವಿನ ಬಟನ್ ಎರಡನ್ನೂ ಒಟ್ಟಿಗೆ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ.

ಎದ್ದರೆ ಕಂಪ್ಯೂಟರಿಗೆ ಜೋಡಿಸುವ ಅವಸರ ಬೇಡ. ಹೊಸ ಕಂಪ್ಯೂಟರ್ ಕಂಡ ಕೂಡಲೇ ಹಳೆಯದನ್ನು ಅಳಿಸಿ ಹೊಸದಾಗಿ ತುಂಬಿಸಲಾ ಅಂತ ಕೇಳುತ್ತದೆ. ನನ್ನದು ಕೈಗೆ ಬಂದ ದಿನ ನಾನು ಹೂಂ ಅಂದುಬಿಟ್ಟೆ. ಮೊದಲಿದ್ದವರು ಯಾರೋ, ಏನೇನು ಕೇಳುತ್ತಿದ್ದರೋ, ಒಂದು ಪಟ್ಟಿಯ ಹೆಸರು "ರಾತ್ರಿಗೆ" ಅಂತ ಇದ್ದದ್ದು ಮಾತ್ರ ನೆನಪಿದೆ. ನೀವು ಮೊದಲು ಇಯರ್‌ಫೋನ್ ಹಾಕಿಕೊಂಡು ಒಳಗೆ ಏನಿದೆ ಕೇಳಿ.