ಒಂದೇ ಬೆರಳಲ್ಲಿ ತೋರಿಸಿ

ಹೋದ ದೀಪಾವಳಿ ಹೊತ್ತಿಗೆ ನನ್ನ ಬಲಗಡೆ ಕಾಲರ್ ಬೋನ್ ಬುಡದಲ್ಲಿ, ಗಂಟಲ ಗುಳಿಯ ಪಕ್ಕಕ್ಕೇ, ಅಡಿಕೆಯಷ್ಟು ಒಂದು ಉಬ್ಬು ಕಾಣಿಸಿತು. ಕರಿಮಣಿ ಸರ ತಾಗಿದರೂ ನೋವು. ಬಲಮಗ್ಗುಲಿಗೆ ಮಲಗಿದರೆ ಜಾಸ್ತಿ. ಬೋರ್ಡಿನ ಮೇಲ್ಗಡೆ ಲೆಕ್ಕ ಬರೆಯಲು ಕೈ ಎತ್ತಿದರಂತೂ ಚುಳುಕ್ ಅನ್ನುತ್ತಿತ್ತು.

ನನಗೆ 53 ವರ್ಷ. ಗಂಟು ಅಂದರೆ ಮನಸ್ಸು ಮೊದಲು ಕ್ಯಾನ್ಸರ್ ಕಡೆಗೇ ಓಡುತ್ತದೆ ಅಲ್ವಾ? ಮನೆಯಲ್ಲಿ ಯಾರಿಗೂ ಹೇಳದೆ ಮೂರು ವಾರ ಸುಮ್ನೆ ಮುಲಾಮು ತಿಕ್ಕಿಕೊಂಡೆ. ಹಾಗೆ ಮಾಡಬಾರದಿತ್ತು.

ಕೊನೆಗೆ ಮೂಳೆ ಡಾಕ್ಟರ ಹತ್ತಿರ ಹೋದೆ. ಎಲ್ಲಿ ನೋವು ಅಂದಾಗ ಅಂಗೈಯನ್ನೇ ಎದೆ ಮೇಲೆ ಇಟ್ಟೆ. "ಹಾಗಲ್ಲಮ್ಮ, ಒಂದೇ ಬೆರಳಲ್ಲಿ ತೋರಿಸಿ" ಅಂದರು. ಬೆರಳು ನೇರ ಆ ಉಬ್ಬಿನ ಮೇಲೇ ಹೋಯಿತು. ಕಾಲರ್ ಬೋನ್ ಎದೆ ಮೂಳೆಗೆ ಸೇರುವ ಕೀಲು ಅದು. ಇಡೀ ತೋಳು ಮೂಳೆಯ ಮೂಲಕ ಮುಂಡಕ್ಕೆ ಸೇರುವುದು ಅದೊಂದೇ ಜಾಗದಲ್ಲಂತೆ. ಮಂಡಿ ಸವೆದ ಹಾಗೆ ಅದೂ ಸವೆಯುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ, ಹೆಚ್ಚು ಬಳಸುವ ಕೈ ಕಡೆ, ಇದು ಜಾಸ್ತಿ. ಎಕ್ಸ್-ರೇ, ಸ್ಕ್ಯಾನ್ ಎರಡೂ ಆದಮೇಲೆ ನಾನು ಧೈರ್ಯವಾಗಿ ಉಸಿರು ಬಿಟ್ಟೆ.

ಆಮೇಲೆ ನೋಡಿದರೆ ನಮ್ಮ ಮನೆಯಲ್ಲೇ ಈ ಮೂಳೆಯ ಕಥೆ ಎಷ್ಟೊಂದಿದೆ! ನಮ್ಮವರು ಮಳೆಯಲ್ಲಿ ಸ್ಕೂಟರ್ ಜಾರಿ ಭುಜದ ಮೇಲೆ ಬಿದ್ದಾಗ ಮೂಳೆ ನಡುವೆಯೇ ಮುರಿದಿತ್ತು. ಸಾಮಾನ್ಯವಾಗಿ ಅದು ಮುರಿಯುವುದೇ ಅಲ್ಲಿ. ಪ್ಲಾಸ್ಟರ್ ಹಾಕಲಿಲ್ಲ, ಆರು ವಾರ ಕೈಗೆ ಜೋಳಿಗೆ ಪಟ್ಟಿ. ಅಕ್ಕನ ಮಗನಿಗೆ ಜಿಮ್‌ನಲ್ಲಿ ಭಾರ ಎತ್ತಿ ಎತ್ತಿ ಇದೇ ಮೂಳೆಯ ಭುಜದ ಕಡೆಗಿನ ತುದಿಯಲ್ಲಿ ನೋವು.

ಅತ್ತೆಯದು ಬೇರೆಯೇ. ಹಬ್ಬದ ಊಟ ಆದರೆ ಸಾಕು, ಬಲಭುಜದ ಮೇಲೆ ನೋವು ಬರುತ್ತಿತ್ತು. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದೆವು. ಇದ್ದದ್ದು ಪಿತ್ತಕೋಶದಲ್ಲಿ ಕಲ್ಲು! ಪಿತ್ತಕೋಶ ಕೆರಳಿದರೆ ಹೊಟ್ಟೆಗೂ ಎದೆಗೂ ನಡುವಿನ ಪರದೆಗೂ ತಟ್ಟುತ್ತದೆ. ಆ ಪರದೆಯ ನರ, ಭುಜದ ಮೇಲಿನ ಚರ್ಮದ ನರ, ಎರಡೂ ಕತ್ತಿನಲ್ಲಿ ಒಂದೇ ಕಡೆಯಿಂದ ಹೊರಡುತ್ತವೆ. ಹಾಗಾಗಿ ಒಳಗಿನ ನೋವನ್ನು ಮೆದುಳು ಭುಜದ್ದು ಅಂದುಕೊಳ್ಳುತ್ತದೆ.

ನನ್ನ ಹಾಗೆ ಮೂರು ವಾರ ಕಾಯಬೇಡಿ. ಎದೆ ಹಿಂಡಿದ ಹಾಗಾಗಿ, ಬೆವರಿ, ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ಅದು ಹೃದಯದ್ದಿರಬಹುದು. ಜ್ವರದ ಜೊತೆ ಕೀಲು ಕೆಂಪಾಗಿ ಊದಿದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ಅವತ್ತೇ ತೋರಿಸಿ. ಕೈ ಜೋಮು ಹಿಡಿಯುವುದು, ಊದಿ ಬಣ್ಣ ತಿರುಗುವುದು ಕೂಡ ತಡಮಾಡುವಂಥದ್ದಲ್ಲ. ಮೂಳೆಯ ಮೇಲಲ್ಲದೆ ಅದರ ಮೇಲ್ಗಡೆಯ ಗುಳಿಯಲ್ಲಿ ಗಂಟು ಸಿಕ್ಕರೆ, ನೋವಿಲ್ಲದಿದ್ದರೂ ಬಿಡಬೇಡಿ.

ನನ್ನ ಉಬ್ಬು ಹಾಗೇ ಇದೆ. ಬಿಸಿ ಶಾಖ ಕೊಡುತ್ತೇನೆ, ಭಾರದ ಡಬ್ಬಿಗಳನ್ನು ಅಟ್ಟದಿಂದ ಇಳಿಸಿಟ್ಟಿದ್ದೇನೆ. ಬೋರ್ಡಿನ ಮೇಲರ್ಧ ಈಗ ಒಂಬತ್ತನೇ ಕ್ಲಾಸಿನ ಮಕ್ಕಳದ್ದು. ಸರದಿ ಮೇಲೆ ಬಂದು ಬರೆಯುತ್ತಾರೆ.