ಏರ್ ಗನ್ ಹೊಗೆ ಉಗುಳಿದ ಮೂರು ವಾರ: ಬದಲಿ ಗ್ರೀಸಿನ ಕಥೆ

ನಿನ್ನೆ ಸಂಜೆ ಏರ್ ಗನ್ನಿನಲ್ಲಿ ಹತ್ತು ಸಲ ಹೊಡೆದೆ. ಹತ್ತಕ್ಕೂ ಒಂದೇ ಸದ್ದು. ಠಪ್, ಅಷ್ಟೇ. ಹೊಗೆ ಇಲ್ಲ, ಸುಟ್ಟ ವಾಸನೆ ಇಲ್ಲ. ಖುಷಿಗೆ ಒಳಗೆ ಹೋಗಿ ಅಮ್ಮನನ್ನು ಗೋದಾಮಿಗೆ ಕರೆದುಕೊಂಡು ಬಂದು ಇನ್ನೊಂದು ಹೊಡೆದು ತೋರಿಸಿದೆ. "ಇವತ್ತು ಒಗ್ಗರಣೆ ಸೀದಿಲ್ಲ ಬಿಡು" ಅಂದರು.

ಹೊಸಬರಿಗೆ ಎರಡೇ ಮಾತು. ಇದು ಹಳೆಯ ಸ್ಪ್ರಿಂಗ್ ಏರ್ ರೈಫಲ್. ನಳಿಗೆ ಮಡಚಿ ಸ್ಪ್ರಿಂಗ್ ಒತ್ತಿ ಕೂರಿಸುವ ಥರದ್ದು, ನಳಿಗೆಯ ತೂತು 4.5 ಮಿ.ಮೀ. ಕುದುರೆ ಎಳೆದರೆ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದೆ ತಳ್ಳುತ್ತೆ, ಒತ್ತಿದ ಗಾಳಿ ಪೆಲೆಟ್ (ಸಣ್ಣ ಗುಂಡು) ಹಾರಿಸುತ್ತೆ. ಸಕಲೇಶಪುರದ ಕಡೆ ನಮ್ಮ ತೋಟದ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದು ಕೂತಿತ್ತು. ಬಿಚ್ಚಿದ್ದು, ತುಕ್ಕು ತೆಗೆದಿದ್ದು, ಹಾಸನದ ಲೇತ್ ಅಂಗಡಿಯಲ್ಲಿ ಸ್ಪ್ರಿಂಗ್ ಗೈಡ್ (ಸ್ಪ್ರಿಂಗ್ ಒಳಗೆ ಕೂತು ಅದು ಬಾಗದಂತೆ ಹಿಡಿಯುವ ಕಡ್ಡಿ) ಮಾಡಿಸಿದ್ದು, ಪಿಸ್ಟನ್ ತಲೆಯಲ್ಲಿ ಗಾಳಿ ಸೋರದಂತೆ ತಡೆಯುವ ಹೊಸ ವಾಷರ್ ಕೂರಿಸಿದ್ದು, ಇವೆಲ್ಲ ನೀವೂ ಮಾಡಿರುವ ಕೆಲಸಗಳೇ. ಸ್ಪ್ರಿಂಗ್ ಸಿಡಿಯದಂತೆ ಒತ್ತಿ ಹಿಡಿಯುವ ಕಂಪ್ರೆಸರ್ ಕಟ್ಟದೆ ಅದನ್ನು ಬಿಚ್ಚಬೇಡಿ ಅಂತ ನಿಮಗೆ ಹೇಳಬೇಕಾಗಿಲ್ಲ.

ಜೋಡಿಸುವ ದಿನ ಗ್ರೀಸ್ ಮುಗಿದಿತ್ತು. ಹೊರಗೆ ಪುನರ್ವಸು ಮಳೆ ಹೊಡೀತಿತ್ತು, ಪೇಟೆಗೆ ಹೋಗುವ ಮಾತೇ ಇಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಬೇರಿಂಗಿಗೆ ಹಚ್ಚುವ ಗ್ರೀಸ್ ಡಬ್ಬ ಮೂಲೆಯಲ್ಲಿತ್ತು. ಸ್ಪ್ರಿಂಗ್‌ಗೂ ಪಿಸ್ಟನ್‌ಗೂ ಧಾರಾಳವಾಗಿ ಬಳಿದೆ.

ಮೊದಲ ಹೊಡೆತಕ್ಕೆ ಛಟ್ ಅಂತ ಸಿಡಿಲು ಬಡಿದ ಹಾಗೆ ಸದ್ದು. ನಳಿಗೆಯ ತುದಿಯಿಂದ ನೀಲಿ ಹೊಗೆ. ಎರಡನೆಯದು ಸಪ್ಪೆ, ಮೂರನೆಯದು ಮತ್ತೆ ಛಟ್. ಐದು ರೂಪಾಯಿ ನಾಣ್ಯದಡಿ ಮುಚ್ಚಿಹೋಗಬೇಕಾದ ಐದು ತೂತು ತಟ್ಟೆ ಇಡ್ಲಿಯಷ್ಟು ಅಗಲಕ್ಕೆ ಹರಡಿದ್ದವು.

ಇದಕ್ಕೆ ಡೀಸಲಿಂಗ್ ಅಂತಾರೆ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರಲ್ಲ, ಗಾಳಿಯನ್ನು ಒತ್ತಿದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತೆ, ಅಲ್ವಾ? ಇಲ್ಲೂ ಅದೇ. ಪಿಸ್ಟನ್ ನುಗ್ಗಿದಾಗ ಗಾಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲವು ನೂರು ಡಿಗ್ರಿ ಬಿಸಿಯಾಗುತ್ತೆ. ಅಲ್ಲಿ ಪೆಟ್ರೋಲಿಯಂ ಗ್ರೀಸಿನ ಹನಿ ಇದ್ದರೆ ಅದೇ ಮದ್ದಾಗುತ್ತೆ. ಹೊಸದಾಗಿ ಜೋಡಿಸಿದ ಗನ್ ನಾಲ್ಕು ಹೊಡೆತ ಸ್ವಲ್ಪ ಹೊಗೆ ಬಿಟ್ಟರೆ ಗಾಬರಿ ಬೇಡ. ಛಟ್ ಅಂತ ಸಿಡಿಯೋದು ಮಾತ್ರ ಬೇರೆ ವಿಷಯ. ವಾಷರ್ ಸುಡುತ್ತೆ, ಸ್ಪ್ರಿಂಗ್ ಮುರಿಯಬಹುದು.

ಎಷ್ಟು ಜೋರು ಅಂತ ತಿಳಿಯಬೇಕಿತ್ತು. ವೇಗ ಅಳೆಯುವ ಯಂತ್ರ ನನ್ನ ಹತ್ತಿರ ಇಲ್ಲ. ಖಾಲಿ ಗೋದಾಮಿನಲ್ಲಿ 10 ಮೀಟರ್ ಅಳೆದು, ಚಿಂದಿ ತುಂಬಿದ ಮರದ ಡಬ್ಬದ ಮುಂದೆ ತೆಳು ತಗಡು ಕಟ್ಟಿದೆ. ಕಣ್ಣಿಗೆ ಕನ್ನಡಕ ಹಾಕಿದೆ. ಫೋನನ್ನು ನನ್ನ ಪಕ್ಕದಲ್ಲಿಟ್ಟು ಸದ್ದು ರೆಕಾರ್ಡ್ ಮಾಡಿದೆ. ಗನ್ನಿನ ಸದ್ದಿಗೂ ತಗಡಿನ ಸದ್ದಿಗೂ ನಡುವಿನ ಸಮಯದಲ್ಲಿ, ಸದ್ದು ವಾಪಸ್ ಬರಲು ಬೇಕಾದ 29 ಮಿಲಿಸೆಕೆಂಡ್ ಕಳೆದರೆ ಪೆಲೆಟ್ ಓಡಿದ ಸಮಯ ಸಿಗುತ್ತೆ. ಕಳೆಯುವ ಮೊದಲು ಸಪ್ಪೆ ಹೊಡೆತ 92 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 160 ಮೀಟರ್ ಆಸುಪಾಸು. ಛಟ್ ಅಂದದ್ದು 72, ಅಂದರೆ 230ರ ಮೇಲೆ. ಅರ್ಧ ಗ್ರಾಂ ಪೆಲೆಟ್‌ಗೆ ಲೆಕ್ಕ ಹಾಕಿದರೆ ಹೊಡೆತದ ಶಕ್ತಿ 6.4 ಜೂಲ್ ಇದ್ದದ್ದು 13 ದಾಟಿದೆ. ಎರಡು ಪಟ್ಟು! ಅದೂ ಯಾವ ಹೊಡೆತಕ್ಕೆ ಅಂತ ಹೇಳೋಕೆ ಬರಲ್ಲ.

ಮತ್ತೆ ಬಿಚ್ಚಿದೆ. ಹೊಸ ವಾಷರಿನ ಅಂಚು ಸೀದ ರೊಟ್ಟಿಯ ಅಂಚಿನ ಹಾಗೆ ಕಪ್ಪಗಾಗಿತ್ತು, ಉಗುರು ತಾಗಿಸಿದರೆ ಪುಡಿ ಉದುರಿತು. ಸಿಲಿಂಡರಿನ ಮುಂದಿನ ಕೊನೆಯಲ್ಲಿ ಗ್ರೀಸಿನ ಒದ್ದೆ ಉಂಗುರ. ನಾನು ಅಲ್ಲಿಗೆ ಹಚ್ಚಿರಲೇ ಇಲ್ಲ. ಸ್ಪ್ರಿಂಗ್‌ಗೆ ಬಳಿದದ್ದು ಪಿಸ್ಟನ್ ಬದಿಯಿಂದ ತೆವಳಿ ವಾಷರ್ ದಾಟಿ ಮುಂದೆ ಸೇರಿತ್ತು.

ಎಲ್ಲ ತೊಳೆದು ಸಿಲಿಕೋನ್ ಸ್ಪ್ರೇ ತಂದೆ. ಸಿಲಿಕೋನ್ ಸುಲಭಕ್ಕೆ ಹೊತ್ತಲ್ಲ ಅಂತ ನಮಗೆಲ್ಲ ಗೊತ್ತಿರೋದೇ. ಹೊಡೆದರೆ ಮೊದಲಿಗಿಂತ ಜೋರು! ಕ್ಯಾನ್ ತಿರುಗಿಸಿ, ಭೂತಗನ್ನಡಿ ಹಿಡಿದು ಸಣ್ಣ ಅಕ್ಷರ ಓದಿದೆ. ಒಳಗಿನ ದ್ರಾವಕ ಪೆಟ್ರೋಲಿಯಂದು. ಮುಂದೆ ದಪ್ಪ ಅಕ್ಷರದಲ್ಲಿ ಸಿಲಿಕೋನ್, ಹಿಂದೆ ಸಾಸಿವೆ ಗಾತ್ರದಲ್ಲಿ ಸತ್ಯ. ಇನ್ನೊಂದು ಮಾತು, ಶುದ್ಧ ಸಿಲಿಕೋನ್ ಎಣ್ಣೆಯೇ ಆದರೂ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕಡೆ ಅದು ನಿಲ್ಲಲ್ಲ. ಸ್ಪ್ರಿಂಗ್‌ಗೆ ಹಾಕಿದರೆ ಗೀರು ಬೀಳುತ್ತೆ.

ಅಷ್ಟರಲ್ಲಿ ದೊಡ್ಡಪ್ಪ ಬಂದರು. ಅವರ ಹತ್ತಿರ ಲೈಸೆನ್ಸ್ ಇರುವ, ಕರಿಮದ್ದು ತುಂಬಿ ಹೊಡೆಯುವ ಹಳೆಯ ಕೇಪಿನ ಕೋವಿ ಇದೆ. ಸುಟ್ಟ ವಾಷರ್ ಕೈಯಲ್ಲಿ ತಿರುಗಿಸಿ ನೋಡಿ, "ಎರಡೂ ಗ್ರೀಸ್ ಕಪ್ಪಗಿದೆ ಅಂತ ಬದಲಿ ಹಾಕೋದಾ ಮಗಾ? ನಮ್ ಕೋವಿ ಮದ್ದಿಗೆ ಹಂಗೆ ಮಾಡಿದ್ರೆ ಕೈಯೇ ಇರಲ್ಲ ಕಣೋ" ಅಂದರು. ಅವರ ಮಾತು ಅಕ್ಷರಶಃ ನಿಜ. ಕರಿಮದ್ದಿಗೆ ಮಾಡಿದ ಕೋವಿಗೆ ತೋಟಾದೊಳಗಿನ ಹೊಗೆಯಿಲ್ಲದ ಮದ್ದನ್ನು ಅದೇ ಅಳತೆಯಲ್ಲಿ ಸುರಿದರೆ ಒತ್ತಡ ಎಷ್ಟೋ ಪಟ್ಟು ಏರಿ ನಳಿಗೆ ಸೀಳುತ್ತೆ. ಹೊಗೆಯಿಲ್ಲದ ಮದ್ದುಗಳಲ್ಲೇ ಒಂದು ಬೇಗ ಉರಿಯುತ್ತೆ, ಒಂದು ನಿಧಾನ. ನೋಡಲು ಒಂದೇ ಥರ ಇದ್ದರೂ ಒಂದರ ತೂಕ ಇನ್ನೊಂದಕ್ಕೆ ಹೊಂದಲ್ಲ. ಬಣ್ಣ ನೋಡಿ, ಕಾಳು ನೋಡಿ ಬದಲಿ ಆರಿಸುವ ಹಾಗೇ ಇಲ್ಲ. ಬಿಸಿ ಮತ್ತು ಒತ್ತಡ ಬಿದ್ದಾಗ ಅದು ಏನು ಮಾಡುತ್ತೆ ಅನ್ನೋದೇ ಮುಖ್ಯ. ಆ ರಾತ್ರಿ ನನ್ನ ಗ್ರೀಸ್ ಡಬ್ಬಗಳನ್ನೆಲ್ಲ ಆ ಕಣ್ಣಿನಿಂದ ಮತ್ತೆ ನೋಡಿದೆ.

ಬೇಕಿದ್ದದ್ದು ಮಾಲಿಬ್ಡಿನಂ ಪೇಸ್ಟ್, ಅಂದರೆ ಎಣ್ಣೆಗಿಂತ ಜಾರುವ ಬೂದು ಪುಡಿಯೇ (ಮಾಲಿಬ್ಡಿನಂ ಡೈಸಲ್ಫೈಡ್) ಹೆಚ್ಚಿರುವ ಪೇಸ್ಟ್. ಆನ್‌ಲೈನ್‌ನಲ್ಲಿ ಆರ್ಡರ್ ಹಾಕಿ ಹನ್ನೊಂದು ದಿನ ಕಾದೆ. ಬಂದದ್ದು ಚೀಟಿ ಅಂಟಿಸಿದ ಪ್ಲಾಸ್ಟಿಕ್ ಡಬ್ಬಿ. ಒಂದು ಚುಕ್ಕಿ ಬಿಳಿ ಕಾಗದದ ಮೇಲಿಟ್ಟೆ. ಬೆಳಿಗ್ಗೆ ನೋಡಿದರೆ ಬೋಂಡಾ ಕಟ್ಟಿದ ಪೇಪರಿನ ಹಾಗೆ ಎಣ್ಣೆ ಹರಡಿ, ಮಧ್ಯೆ ಚೂರೇ ಚೂರು ಬೂದು ಬಣ್ಣ. ಅದು ಕಾರಿನ ಆಕ್ಸಲ್ ಜಾಯಿಂಟಿಗೆ ಹಾಕುವ ಗ್ರೀಸಿನ ಜಾತಿ. ಅದರಲ್ಲಿ ಮಾಲಿಬ್ಡಿನಂ ಇರೋದು ನೂರಕ್ಕೆ ಮೂರರಿಂದ ಐದು ಪಾಲು, ಉಳಿದದ್ದು ಅದೇ ಉರಿಯುವ ಎಣ್ಣೆ. ಮಾರುವವರಿಗೆ ಫೋನ್ ಮಾಡಿದರೆ "ಎರಡೂ ಒಂದೇ ಸಾರ್" ಅಂದರು. ಒಂದೇ ಅಲ್ಲ! ಇದನ್ನು ನಂಬಿ ಎಷ್ಟು ಜನ ತಮ್ಮ ಗನ್ ಹಾಳು ಮಾಡಿಕೊಂಡಿದ್ದಾರೋ ಅಂತ ನಿಜಕ್ಕೂ ಸಿಟ್ಟು ಬಂತು. ಕೊನೆಗೆ ಬೆಂಗಳೂರಿನಲ್ಲಿರುವ ಗೆಳೆಯನೊಬ್ಬ ಸಣ್ಣ ಟ್ಯೂಬ್ ಅಸಲಿ ಪೇಸ್ಟ್ ಕಳಿಸಿದ.

ಈ ಸಲ ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದು, ಒಲೆಯಿಂದ ದೂರ, ಗಾಳಿಯಾಡುವ ಕಡೆ ಎರಡು ದಿನ ಒಣಗಲು ಬಿಟ್ಟೆ. ಪೆಟ್ರೋಲ್ ವಾಸನೆ ಪೂರ್ತಿ ಹೋಗದೆ ಜೋಡಿಸಲೇಬೇಡಿ, ಅದರ ಆವಿ ಗ್ರೀಸಿಗಿಂತ ಕೆಟ್ಟದ್ದು. ಪೇಸ್ಟನ್ನು ಪಿಸ್ಟನ್ ಬದಿಗೆ, ವಾಷರಿನ ಸುತ್ತಿಗೆ ಬೆರಳಿನಲ್ಲಿ ಹಚ್ಚಿ, ಬಟ್ಟೆಯಲ್ಲಿ ಒರೆಸಿದೆ. ಪೆನ್ಸಿಲ್ ಗೀಚಿದಷ್ಟು ಬೂದು ಬಣ್ಣ ಉಳಿದರೆ ಸಾಕು. ವಾಷರಿನ ಮುಖಕ್ಕೆ, ಸಿಲಿಂಡರಿನ ಮುಂಭಾಗಕ್ಕೆ ಏನೂ ಇಲ್ಲ, ಒಣ. ಸ್ಪ್ರಿಂಗ್‌ಗೂ ಅದೇ ತೆಳು ಪದರ. ಹಾಗಾಗಿ ಹೊಡೆದ ಮೇಲೆ ಸ್ಪ್ರಿಂಗ್ ಸ್ವಲ್ಪ ಝುಂಯ್ ಅನ್ನುತ್ತೆ. ಅದಕ್ಕಂತಲೇ ಇರುವ ಟಾರಿನ ಹಾಗೆ ಅಂಟುವ ಗ್ರೀಸ್ ಸಿಗುವವರೆಗೆ ಅನ್ನಲಿ. ಮೊದಲ ಮೂರು ಹೊಡೆತಕ್ಕೆ ಎಳೆ ಹೊಗೆ, ಆಮೇಲೆ ನಿಂತಿತು. ನಿನ್ನೆಯ ಹತ್ತೂ 91ರಿಂದ 93 ಮಿಲಿಸೆಕೆಂಡ್ ಒಳಗೆ. ನಾಣ್ಯ ಇಟ್ಟು ನೋಡಿದೆ, ಒಂಬತ್ತು ತೂತು ಮುಚ್ಚಿತು.

ಮುಂದಿನ ಕೆಲಸ ಗನ್ನಿನ ಮರದ ಹಿಡಿ. ಈಗಿರುವುದನ್ನು ಗೆದ್ದಲು ತಿಂದಿದೆ. ಅಟ್ಟದಲ್ಲಿ ಹಲಸಿನ ಹಲಗೆಯೊಂದು ವರ್ಷಗಟ್ಟಲೆ ಒಣಗಿ ಕೂತಿದೆ, ಉಳಿ ತಾಗಿಸಿದ ಕಡೆ ಜೇನಿನ ಬಣ್ಣ. ಸಿಲ್ವರ್ ಓಕ್ ತೋಟದ ತುಂಬ ಇದೆ, ಆದರೆ ಸ್ಕ್ರೂ ಗಟ್ಟಿಯಾಗಿ ಹಿಡಿಯುತ್ತೋ ಇಲ್ಲವೋ ಅಂತ ಒಂದು ತುಂಡಿನಲ್ಲಿ ನೋಡಬೇಕು. ಹಲಸಿನಲ್ಲಿ ಗನ್ನಿನ ಹಿಡಿ ಮಾಡಿದವರು ಯಾರಾದರೂ ಇದ್ದರೆ ಮಳೆಗಾಲದಲ್ಲಿ ಅದು ಎಷ್ಟು ಸೊಟ್ಟಗಾಯಿತು ಅಂತ ಹೇಳಿ.

ಹಳೆ ಗ್ರೀಸ್ ಡಬ್ಬ ಪಲ್ಪರ್ ಪಕ್ಕಕ್ಕೆ ವಾಪಸ್ ಹೋಗಿದೆ. ಮುಚ್ಚಳದ ಮೇಲೆ ದೊಡ್ಡಪ್ಪನೇ ಸೀಮೆಸುಣ್ಣದಲ್ಲಿ ಬರೆದಿದ್ದಾರೆ: "ಕಾಫಿಗೆ ಮಾತ್ರ."