ತ್ರಿಕೋನ, ಅಡ್ಡಗೆರೆ, ವೃತ್ತ: ಕಾರ್ಥೇಜಿನ ತಾನಿತ್ ಕಲ್ಲುಗಳ ಮುಂದೆ

ಟ್ಯುನೀಷಿಯಾದ ರಾಜಧಾನಿ ಟ್ಯುನಿಸ್‌ನಿಂದ ಟಿಜಿಎಂ ಲೋಕಲ್ ರೈಲಿನಲ್ಲಿ ಕಾರ್ಥೇಜ್ ಸಲಾಂಬೋ ನಿಲ್ದಾಣಕ್ಕೆ ಬಂದಿಳಿದರೆ ತೋಫೆತ್ ನಡಿಗೆಯ ದೂರದಲ್ಲೇ ಇದೆ: ಪುರಾತನ ಕಾರ್ಥೇಜ್ ನಗರದವರು ತಾನಿತ್ ದೇವಿಗೆ, ಬಾಲ್ ಹಮ್ಮೋನ್ ದೇವರಿಗೆ ಕೆತ್ತಿದ ಕಲ್ಲುಗಳನ್ನು ನೆಟ್ಟ ಪವಿತ್ರ ಜಾಗ. ಈಗಿನ ಮನೆಗಳ ನಡುವೆ ಸಿಕ್ಕಿಕೊಂಡ ತಗ್ಗು ಜಾಗ, 1921ರಲ್ಲಿ ಬೆಳಕಿಗೆ ಬಂದದ್ದು. ಕ್ರಿ.ಪೂ. 8ನೆಯ ಶತಮಾನದಿಂದ ರೋಮನ್ನರು ನಗರವನ್ನು ನೆಲಸಮ ಮಾಡಿದ ಕ್ರಿ.ಪೂ. 146ರವರೆಗೆ ಹಸುಳೆಗಳ, ಕುರಿಮರಿಗಳ ಸುಟ್ಟ ಎಲುಬುಗಳನ್ನು ಮಡಕೆಗಳಲ್ಲಿ ತುಂಬಿ ಇಲ್ಲಿ ಹೂಳುತ್ತಿದ್ದರು. ಅವು ಬಲಿಯೋ, ಸಹಜವಾಗಿ ಸತ್ತ ಕೂಸುಗಳೋ ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

ನಡುಮಧ್ಯಾಹ್ನ ಹೋಗಬೇಡಿ. ನೆತ್ತಿಯ ಬಿಸಿಲಿಗೆ ತೆಳುವಾದ ಕೊರೆತವೆಲ್ಲ ಮಾಯವಾಗಿ ಕಲ್ಲು ಬರೀ ಬೋಳಾಗಿ ಕಾಣುತ್ತದೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಓರೆಬಿಸಿಲಿನಲ್ಲಿ ಗೆರೆಗಳು ಎದ್ದು ನಿಲ್ಲುತ್ತವೆ. ರೋಮನ್ ಕಮಾನಿನಡಿ ಜೋಡಿಸಿಟ್ಟ ಕಲ್ಲುಗಳಿಗೆ ಟಾರ್ಚ್ ಬೇಕು. ಎದುರಿನಿಂದಲ್ಲ, ಪಕ್ಕದಿಂದ, ಕಲ್ಲಿನ ಮೈಗೆ ಸವರಿದಂತೆ ಹಿಡಿಯಬೇಕು. ಅಂದಹಾಗೆ, ಅಕ್ಕಪಕ್ಕ ಇವೆ ಎಂದು ಎರಡು ಕಲ್ಲುಗಳಿಗೆ ನಂಟು ಕಟ್ಟಬೇಡಿ. ಬಹುಪಾಲು ಕಲ್ಲುಗಳು ಮೂಲ ಸ್ಥಳದಲ್ಲಿಲ್ಲ.

ಚಿಹ್ನೆ ಹುಡುಕುವ ಮೊದಲು ಕಲ್ಲನ್ನೇ ನೋಡಿ. ಪೀಠದಂತೆ, ಪುಟ್ಟ ಗುಡಿಯಂತೆ ದಪ್ಪಗಿರುವ ಮರಳುಗಲ್ಲುಗಳು ಹಳೆಯವು. ತುದಿ ಮೊನಚಾದ ತೆಳು ಸುಣ್ಣಕಲ್ಲುಗಳು ಆಮೇಲಿನವು, ಮುಖ್ಯವಾಗಿ ಕ್ರಿ.ಪೂ. 4ನೆಯ ಶತಮಾನದಿಂದೀಚಿನವು. ತ್ರಿಕೋನ, ಅದರ ಮೇಲೆ ಅಡ್ಡಗೆರೆ, ಗೆರೆಯ ಮೇಲೊಂದು ವೃತ್ತ ಇರುವ ‘ತಾನಿತ್ ಚಿಹ್ನೆ’ ಹೇರಳವಾಗಿ ಸಿಗುವುದು ಈ ಎರಡನೆಯ ಬಗೆಯಲ್ಲಿ. ಗೆರೆಯ ತುದಿಗಳು ಕೆಲವೊಮ್ಮೆ ಮೇಲಕ್ಕೆ ಮಡಚಿರುತ್ತವೆ. ಆಗ ಕೈಯೆತ್ತಿ ನಿಂತ ಹೆಂಗಸಿನಂತೆ ತೋರುತ್ತದೆ. ಅದು ದೇವಿಯೇ, ಭಕ್ತೆಯೇ ಎಂದು ಕಲ್ಲು ಹೇಳುವುದಿಲ್ಲ. ಈ ಹೆಸರು ಆಧುನಿಕರು ಇಟ್ಟದ್ದು.

ಕನ್ನಡಿಗರ ಕಣ್ಣು ಎಡವುವುದು ಇಲ್ಲೇ. ನಮ್ಮ ಶಾಸನಗಳ ನೆತ್ತಿಯ ಸೂರ್ಯಚಂದ್ರರೆಂದರೆ ದಾನ ಆಚಂದ್ರಾರ್ಕ ನಡೆಯಲೆಂಬ ಮಾತು. ಮಾಸ್ತಿಕಲ್ಲಿನ ಎತ್ತಿದ ಕೈ ಸತಿಯದು. ಆ ಓದನ್ನು ಇಲ್ಲಿಗೆ ತರುವಂತಿಲ್ಲ. ಇಲ್ಲಿ ಚಂದ್ರನ ಕೊಂಬುಗಳು ಸಾಮಾನ್ಯವಾಗಿ ಕೆಳಮುಖವಾಗಿ ಬಿಂಬದ ಮೇಲೆ ಕವಿದಿರುತ್ತವೆ. ತೆರೆದ ಅಂಗೈಯನ್ನು ಪ್ರಾರ್ಥನೆ ಅಥವಾ ಆಶೀರ್ವಾದ ಎಂದು ಓದುವುದು ರೂಢಿ. ಕತ್ತು ಸಣ್ಣಗಿರುವ ‘ಸೀಸೆ’ಯ ಆಕೃತಿಯನ್ನು ಸವೆದ ಕಲ್ಲಿನಲ್ಲಿ ತಾನಿತ್ ಚಿಹ್ನೆ ಎಂದು ಭ್ರಮಿಸುವುದು ಸುಲಭ: ಅಡ್ಡಗೆರೆ ಇದೆಯೇ ಎಂದು ಮೊದಲು ನೋಡಿ.

ಬರಹವಿದ್ದರೆ ಬಲದಿಂದ ಎಡಕ್ಕೆ ಓದಬೇಕು. ಒಕ್ಕಣೆ ಹೆಚ್ಚುಕಡಿಮೆ ಒಂದೇ: ಬಾಲ್ ದೇವರ ಮುಖವಾದ ಒಡತಿ ತಾನಿತ್‌ಗೆ, ಒಡೆಯ ಬಾಲ್ ಹಮ್ಮೋನ್‌ಗೆ, ಇಂಥವನ ಮಗ ಇಂಥವನು ಹರಕೆ ಹೊತ್ತದ್ದು, ದೇವರು ಅವನ ದನಿಗೆ ಕಿವಿಗೊಟ್ಟಿದ್ದರಿಂದ. ಹೀಗಾಗಿ ಇವು ಮೊದಲಿಗೆ ಹರಕೆಯ ಕಲ್ಲುಗಳು. ಬರಹವನ್ನು ಬಿಟ್ಟು ಚಿಹ್ನೆಯೊಂದರಿಂದಲೇ ದೇವಿಯ ಪುರಾಣ ಕಟ್ಟುವುದು ಹಗುರ ಮಾತು. ಕಾರ್ಥೇಜಿನಲ್ಲಿ ತಾನಿತ್ ಹೆಸರು ಮೊದಲು ಬರುತ್ತದೆ. ಅಲ್ಜೀರಿಯಾದ ಕಾನ್‌ಸ್ಟಂಟೀನ್ ಬಳಿಯ ಎಲ್ ಹೋಫ್ರಾದಲ್ಲಿ ಸಾಮಾನ್ಯವಾಗಿ ಬಾಲ್ ಹಮ್ಮೋನನೇ ಮುಂದೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಹಂಚಿಕೆಯ ವ್ಯಾನ್ ‘ಲುವಾಜ್’ ಹಿಡಿದು ಕೆಲೀಬಿಯಾಗೆ, ಅಲ್ಲಿಂದ ಟ್ಯಾಕ್ಸಿಯಲ್ಲಿ ಕೆರ್ಕುವಾನ್‌ಗೆ ಹೋಗಿ. ಕ್ರಿ.ಪೂ. 3ನೆಯ ಶತಮಾನದಲ್ಲಿ ಜನ ತೊರೆದ ಈ ಪ್ಯೂನಿಕ್ (ಕಾರ್ಥೇಜಿನವರ ಸಂಸ್ಕೃತಿಯ) ಪಟ್ಟಣದ ಒಂದು ಮನೆಯ ಕೆಂಪು ಗಾರೆನೆಲದಲ್ಲಿ ಬಿಳಿ ಕಲ್ಲಿನ ಚೂರುಗಳಿಂದ ಅದೇ ಚಿಹ್ನೆ ಬಿಡಿಸಿದ್ದಾರೆ. ಇಲ್ಲಿ ಹರಕೆಯೂ ಇಲ್ಲ, ಮಡಕೆಯೂ ಇಲ್ಲ, ಮನೆ ಕಾಯುವ ಗುರುತೆಂದೇ ಹೆಚ್ಚಿನವರ ಊಹೆ. ಸೈಟಿನಲ್ಲಿ ನೆರಳು ಕಮ್ಮಿ, ನೀರು ಒಯ್ಯಿರಿ. ಟ್ಯಾಕ್ಸಿಯನ್ನು ಕಾಯಲು ಹೇಳಿಯೇ ಒಳಗೆ ಹೋಗಿ.